ದುಭಾಷಿಯ ದಣಿವು

ಮಧ್ಯಾಹ್ನದ ಹೊತ್ತಿಗೇ ಅವಳ ಗಂಟಲು ಬತ್ತಿಹೋಗುತ್ತಿತ್ತು. ದಿನವಿಡೀ ಮಾತಾಡಿದರೂ ಅದರಲ್ಲಿ ತನ್ನದು ಅನ್ನುವ ಮಾತು ಒಂದೂ ಇರುತ್ತಿರಲಿಲ್ಲ. ಅವರು ಹೇಳಿದ್ದನ್ನು ಇವರಿಗೆ, ಇವರು ಹೇಳಿದ್ದನ್ನು ಅವರಿಗೆ. ಬಸ್ಸಿನಲ್ಲಿ ಕಂಡಕ್ಟರ್ "ಎಲ್ಲಿಗಮ್ಮ?" ಅಂತ ಕೇಳಿದರೂ ಒಂದು ಗಳಿಗೆ ತಡೆದು, ಯಾರ ಪರವಾಗಿ ಉತ್ತರ ಕೊಡಬೇಕು ಅಂತ ಯೋಚಿಸುವ ಹಾಗಾಗಿಬಿಟ್ಟಿತ್ತು.

ದುಭಾಷಿಯಾಗಬೇಕು ಅಂತ ಅವಳೇನೂ ಓದಿದವಳಲ್ಲ. ಅಪ್ಪ ತೀರಿಕೊಂಡಾಗ ತಮ್ಮ ಇನ್ನೂ ಶಾಲೆಗೆ ಹೋಗುತ್ತಿದ್ದ. ಮನೆ ನಡೆಯಬೇಕಿತ್ತು. ದೂರದ ಚಳಿಯ ದೇಶವೊಂದರಲ್ಲಿ ಹಾಸಿಗೆ ಹಿಡಿದ ಮುದುಕಿಯನ್ನು ನೋಡಿಕೊಳ್ಳಲು ಒಬ್ಬಳು ಬೇಕಂತೆ ಅಂತ ಯಾರೋ ಹೇಳಿದರು, ಹೋದಳು. ಒಂದೆರಡು ವರ್ಷ ಅಂದುಕೊಂಡು ಹೋದವಳು ಇಪ್ಪತ್ತು ವರ್ಷ ಅಲ್ಲೇ ಕಳೆದಳು. ಆ ಮುದುಕಿ ಇಂದೋ ನಾಳೆಯೋ ಅನ್ನುವ ಹಾಗಿದ್ದಳು, ಆದರೆ ಆ ನಾಳೆ ಬರಲೇ ಇಲ್ಲ. ಡಾಕ್ಟರು ಇಬ್ಬರು ಬದಲಾದರು, ಕಿಟಕಿಯ ಪರದೆ ಮೂರು ಸಲ ಬದಲಾಯಿತು, ಮುದುಕಿ ಮಾತ್ರ ಅದೇ ದಿಂಬಿಗೆ ಒರಗಿಕೊಂಡು ಅವಳನ್ನು ಬೈಯುತ್ತಲೇ ಇದ್ದಳು.

ಆ ದೇಶದ ಭಾಷೆ ಅವಳಿಗೆ ಬಂದದ್ದು ಆ ಬೈಗುಳದ ಜೊತೆಯಲ್ಲೇ. ಪುಸ್ತಕವಿಲ್ಲ, ಪಾಠವಿಲ್ಲ. "ದಿಂಬು ಎತ್ತು", "ಕಿಟಕಿ ಮುಚ್ಚು", "ಹಾಲು ತಣ್ಣಗಾಗಿದೆ", "ನಿನ್ನ ಕೈ ಹೆಣದ ಕೈ ಥರ ಇದೆ". ಮುದುಕಿಯ ಮಾತು ಕಡ್ಡಿ ಮುರಿದ ಹಾಗೆ. ಚೆನ್ನಾಗಿಲ್ಲದ್ದನ್ನು ಚೆನ್ನಾಗಿಲ್ಲ ಅಂತಲೇ ಹೇಳುತ್ತಿದ್ದಳು. ಮೊದಮೊದಲು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೂ ಉಂಟು. ಬರುಬರುತ್ತ ಗೊತ್ತಾಯಿತು, ಅಲ್ಲಿಯವರಿಗೆ ಹಾಗೆ ಹೇಳುವುದು ಜಗಳವಲ್ಲ, ಬರೀ ಹೇಳುವುದು ಅಷ್ಟೆ.

ಮುದುಕಿ ಕಡೆಗೂ ಕಣ್ಣು ಮುಚ್ಚಿದಳು. ಇವಳು ಅರ್ಧ ನರೆತ ತಲೆಯೊಂದಿಗೆ ತಮ್ಮನ ಮನೆಗೆ ವಾಪಸ್ಸಾದಳು. ತಮ್ಮ ಲಿಫ್ಟ್ ರಿಪೇರಿ ಮಾಡುವವನು. ಅವನ ಹೆಂಡತಿ ಔಷಧಿ ಅಂಗಡಿಯೊಂದರ ಕೌಂಟರಿನಲ್ಲಿ ನಿಲ್ಲುವವಳು. ಮಹಡಿ ಮೇಲಿನ ಎರಡು ಕೋಣೆಯ ಮನೆ. ಮುಂದಿನ ಕೋಣೆಯ ಕಿಟಕಿ ಪಕ್ಕ ಅವಳಿಗೊಂದು ಮಂಚ ಹಾಕಿಕೊಟ್ಟರು. ಪ್ರೀತಿಗೇನೂ ಕಡಿಮೆ ಮಾಡಲಿಲ್ಲ. ಆದರೆ ಅವಳು ಬರುವ ಮೊದಲೇ ಗಂಡ ಹೆಂಡತಿ ಮಾತು ಬಿಟ್ಟಿದ್ದರು. ಯಾಕೆ ಅಂತ ಕೇಳಿದರೆ ಇಬ್ಬರೂ ಬೇರೆ ಬೇರೆ ಕಾರಣ ಹೇಳುತ್ತಿದ್ದರು, ಒಂದೊಂದು ಸಲ ಒಂದೊಂದು. ಇವಳು ಬಂದದ್ದೇ ಅವರಿಗೆ ಅನುಕೂಲವಾಯಿತು.

"ಅಕ್ಕ, ನನ್ನ ನಟ್ಟು ಬಿಚ್ಚೋ ಪಾನಾ ಎಲ್ಲಿಟ್ಟಿದಾಳೆ ಕೇಳು," ಅನ್ನುತ್ತಿದ್ದ ತಮ್ಮ, ಹೆಂಡತಿ ಎರಡು ಅಡಿ ದೂರದಲ್ಲಿ ನಿಂತಿರುವಾಗಲೇ.

"ಅತ್ತಿಗೆ, ಅವರ ಸಾಮಾನು ಅವರೇ ನೋಡ್ಕೊಳ್ಳೋದು ಕಲೀಲಿ ಅಂತ ಹೇಳಿ," ಅನ್ನುತ್ತಿದ್ದಳು ಅವಳು.

ಇವಳು ನಡುವೆ ನಿಂತು ತಮ್ಮನಿಗೆ, "ಹುಡುಕಿ ಕೊಡ್ತಾಳಂತೆ ತಾಳು," ಅನ್ನುತ್ತಿದ್ದಳು. ಆಮೇಲೆ ತಾನೇ ಮೂಲೆ ಮೂಲೆ ತಡಕಾಡಿ ಪಾನಾ ತಂದು ಕೊಡುತ್ತಿದ್ದಳು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತಾರಲ್ಲ, ಇಲ್ಲಿ ಕೂಸಿಗೆ ಐವತ್ತರ ಹತ್ತಿರ ವಯಸ್ಸು.

ಅಷ್ಟರಲ್ಲಿ ಬೀದಿಯ ಕೊನೆಯಲ್ಲಿದ್ದ ಪಾಲಿಟೆಕ್ನಿಕ್ಕಿನಿಂದ ಕರೆ ಬಂತು. ಅಲ್ಲಿಯ ಮೇಷ್ಟ್ರೊಬ್ಬರು ಆ ಚಳಿಯ ದೇಶದ ಕಾಲೇಜೊಂದರ ಜೊತೆ ಸೇರಿ ಹೊಸ ಕೆಲಸವೊಂದನ್ನು ಮೈಮೇಲೆ ಹಾಕಿಕೊಂಡಿದ್ದರು. ಎರಡೂ ದೇಶದ ವಿದ್ಯಾರ್ಥಿಗಳು ಕೂಡಿ ಜಗತ್ತಿಗೆಲ್ಲ ಇರುವ ಒಂದು ಕಷ್ಟ ಆರಿಸಿಕೊಂಡು, ಅದಕ್ಕೊಂದು ದಾರಿ ಹುಡುಕಿ, ಕೈಯಾರೆ ಮಾಡಿ ತೋರಿಸಬೇಕು. ಕೊನೆಯಲ್ಲಿ ಬೇರೆ ಬೇರೆ ದೇಶದ ತಂಡಗಳೆಲ್ಲ ಒಂದು ಕಡೆ ಸೇರುತ್ತವೆ. ಇಂಗ್ಲಿಷಿನಲ್ಲಿ ಮಾತಾಡಿಸೋಣ ಅಂತ ಮೇಷ್ಟ್ರು ಮೊದಲು ನೋಡಿದರಂತೆ. ಎರಡೂ ಕಡೆಯ ಹುಡುಗರು ಹಲೋ ಅಂದು, ಬಿಸಿಲು ಮಳೆ ವಿಚಾರಿಸಿ, ಆಮೇಲೆ ಒಬ್ಬರ ಮುಖ ಒಬ್ಬರು ನೋಡುತ್ತ ಕೂತುಬಿಟ್ಟರಂತೆ.

"ನಿಮಗೆ ಅವರ ಭಾಷೆ ಚೆನ್ನಾಗಿ ಬರುತ್ತಂತಲ್ಲ?" ಅಂತ ಕೇಳಿದರು ಮೇಷ್ಟ್ರು.

"ದಿಂಬು, ಹಾಸಿಗೆ, ಮಾತ್ರೆ, ಬೈಗುಳ, ಇಷ್ಟು ಬರುತ್ತೆ ಸರ್," ಅಂದಳು.

"ಆಯ್ತಾಯ್ತು, ಸಾಕು," ಅಂದರು. ಅವರು ಎಲ್ಲದಕ್ಕೂ ಆಯ್ತಾಯ್ತು ಅನ್ನುವವರು. ಹುಡುಗರು ಅವರಿಗೆ ಆಯ್ತಾಯ್ತು ಮೇಷ್ಟ್ರು ಅಂತಲೇ ಹೆಸರಿಟ್ಟಿದ್ದರು.

ವಾರಕ್ಕೆರಡು ಸಲ, ಮಧ್ಯಾಹ್ನ, ವರ್ಕ್‌ಶಾಪಿನ ಪಕ್ಕದ ಕೋಣೆಯಲ್ಲಿ ಗೋಡೆ ಮೇಲಿನ ಪರದೆ ಎದುರು ಕೂರುವುದು. ಈ ಕಡೆ ಮುಂದೆ ನಿಂತು ಮಾತಾಡುತ್ತಿದ್ದವರು ಇಬ್ಬರು. ಒಬ್ಬಳು ದಪ್ಪ ಕನ್ನಡಕದ ಹುಡುಗಿ, ಚಿತ್ರ ಬರೆಯುವುದರಲ್ಲಿ ಗಟ್ಟಿ. ಇನ್ನೊಬ್ಬ ಬಾಗಿಲಿಗೆ ತಲೆ ತಾಗುವಷ್ಟು ಉದ್ದದ ಹುಡುಗ, ಎಲ್ಲರೂ ಅವನನ್ನು ಲಂಬು ಅನ್ನುತ್ತಿದ್ದರು. ಆ ಕಡೆಯೂ ಇಬ್ಬರು. ಕೋಣೆಯೊಳಗೂ ಕೆಂಪು ಟೋಪಿ ತೆಗೆಯದ ಹುಡುಗಿ ಒಬ್ಬಳು. ದಿನಾ ಅದೇ ಚೌಕಳಿ ಅಂಗಿ ಹಾಕುವ ಹುಡುಗ ಒಬ್ಬ.

ಮೊದಲ ದಿನ ಅವಳು ಬಾಯಿ ತೆಗೆದ ಕೂಡಲೇ ಪರದೆಯ ಆ ಕಡೆ ನಗು. ಅವಳಿಗೆ ಮೈಯೆಲ್ಲ ಬೆವರಿತು.

"ಬೇಜಾರು ಮಾಡ್ಕೋಬೇಡಿ," ಅಂದಳು ಕೆಂಪು ಟೋಪಿ. "ನೀವು ನಮ್ಮ ಮುತ್ತಜ್ಜಿ ಥರ ಮಾತಾಡ್ತೀರ. ಈಗ ಯಾರೂ ಹೀಗೆ ಮಾತಾಡಲ್ಲ."

ಅವರು ಆರಿಸಿಕೊಂಡ ಕಷ್ಟ ಇದು: ಸಕ್ಕರೆ ಕಾಯಿಲೆಯ ಸೂಜಿಮದ್ದು ತಣ್ಣಗಿರಬೇಕು, ಬಿಸಿ ತಾಗಿದರೆ ಕೆಡುತ್ತದೆ. ಕರೆಂಟು ಸರಿಯಾಗಿ ಇಲ್ಲದ ಮನೆಗಳು, ಫ್ರಿಜ್ ಇಲ್ಲದ ಮನೆಗಳು ಯಾವ ದೇಶದಲ್ಲಿಲ್ಲ? ಅಂಥ ಮನೆಗೆ ಮದ್ದು ತಣ್ಣಗಿಡುವ ಒಂದು ಪೆಟ್ಟಿಗೆ ಬೇಕು. ಈ ಕಡೆಯವರ ಯೋಚನೆ ಸರಳ. ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ, ನಡುವೆ ಮರಳು, ಮರಳಿಗೆ ನೀರು. ನೀರು ಆರುತ್ತ ಆರುತ್ತ ಒಳಗೆ ತಣಿಯುತ್ತದೆ.

ಕನ್ನಡಕದ ಹುಡುಗಿ ಮಡಕೆಯನ್ನು ಪರದೆಯ ಎದುರು ಎತ್ತಿ ಹಿಡಿದಳು. ಕೆಂಪು ಟೋಪಿ ಬಗ್ಗಿ ನೋಡಿ ಹೇಳಿದಳು, "ಇದು ಹೂವಿನ ಕುಂಡ. ನನ್ನ ತಮ್ಮನ ಜೀವಾನ ನಾನು ಇದರೊಳಗೆ ಇಡಲ್ಲ."

ದುಭಾಷಿ ಈ ಕಡೆ ತಿರುಗಿದಳು. ಕನ್ನಡಕದ ಹುಡುಗಿ ಮಡಕೆ ಹಿಡಿದುಕೊಂಡೇ ನಿಂತಿದ್ದಳು, ಕೈಗೆ ಇನ್ನೂ ಕೆಮ್ಮಣ್ಣು ಅಂಟಿತ್ತು. ಆ ಮುಖ ನೋಡಿ ಇವಳಿಗೆ ಬಚ್ಚಲಲ್ಲಿ ಅಳುತ್ತಿದ್ದ ತಾನೇ ನೆನಪಾದಳೋ ಏನೋ. ತಮ್ಮ, ಜೀವ ಅನ್ನುವುದೆಲ್ಲ ಮಾತಿನ ವರಸೆ ಇರಬೇಕು ಅಂದುಕೊಂಡಳು. "ಚೆನ್ನಾಗಿದೆ, ಇನ್ನೊಂಚೂರು ಗಟ್ಟಿಯಾಗಿದ್ರೆ ಒಳ್ಳೇದು ಅಂತಿದಾಳೆ," ಅಂದಳು. ಹುಡುಗಿಯ ಮುಖ ಅರಳಿತು. ಕೆಲಸ ಮುಂದೆ ಹೋಯಿತು.

ಹಾಗೆ ಶುರುವಾಯಿತು. ಒಂದು ಸಲ ಮಾತಿನ ಮುಳ್ಳು ತೆಗೆದು ಕೊಟ್ಟರೆ ಆಮೇಲೆ ಪ್ರತಿ ಸಲವೂ ತೆಗೆಯಬೇಕಾಗುತ್ತದೆ. ಅದಕ್ಕೆ ಕರುಣೆಯಷ್ಟೇ ಕಾರಣವಲ್ಲ, ದಣಿವೂ ಕಾರಣ. ಒರಟು ಮಾತನ್ನು ಇದ್ದ ಹಾಗೇ ದಾಟಿಸಿದರೆ ಅದಕ್ಕೆ ಉತ್ತರ, ಉತ್ತರಕ್ಕೆ ಮರು ಉತ್ತರ, ಎಲ್ಲವೂ ಅವಳ ಗಂಟಲಿನ ಮೂಲಕವೇ ಹಾಯಬೇಕು. ನಯವಾಗಿ ಹೇಳಿದರೆ ಬೇಗ ಮುಗಿಯುತ್ತಿತ್ತು.

ಈ ಕಡೆಯಿಂದ ಇನ್ನೊಂದು ಬಗೆಯ ಕಷ್ಟ. ಒಂದು ದಿನ ಚೌಕಳಿ ಅಂಗಿಯವನು ತಮ್ಮ ಯೋಚನೆ ವಿವರಿಸಿದ. ಮಡಕೆ ಬಿಟ್ಟುಬಿಡೋಣ, ಒಳಗೆ ನೀವು ಮಾಡಿದ ಚೌಕ ತಗಡಿನ ಡಬ್ಬಿ ಇಡೋಣ, ಸುತ್ತ ನಾವು ಮಾಡಿದ ಗಾಳಿಯಾಡದ ಬಿಳಿ ಪೆಟ್ಟಿಗೆ, ಮೇಲೆ ಬಿಸಿಲಿನಿಂದ ನಡೆಯುವ ಪುಟ್ಟ ಯಂತ್ರ. "ಸರೀನಾ?" ಅಂತ ಕೇಳಿದ.

ಲಂಬು ಗೋಡೆಗೆ ಒರಗಿ ನಿಂತು, ಕತ್ತು ಉಜ್ಜಿಕೊಂಡು, "ನೋಡೋಣ ಅನ್ನಿ ಮೇಡಂ," ಅಂದ.

ನೋಡೋಣ ಅಂದರೆ ಏನು ಅಂತ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಸಾಲ ಕೇಳಲು ಬಂದವನಿಗೆ, ಹೆಣ್ಣು ಕೇಳಲು ಬಂದವನಿಗೆ, ಆಗದು ಅನ್ನಲು ನಾಲಿಗೆ ಬಾರದಾಗ ಹೇಳುವ ಮಾತು ಅದು. ಆದರೆ ಅವರ ಭಾಷೆಯಲ್ಲಿ "ನೋಡುತ್ತೇವೆ" ಅಂದರೆ ಒಪ್ಪಿ ಮಾತು ಕೊಟ್ಟ ಹಾಗೆ. ಅದು ಅವಳಿಗೆ ಗೊತ್ತಿತ್ತು. ಆದರೂ ಇದ್ದ ಶಬ್ದವನ್ನು ಇದ್ದ ಹಾಗೆ ದಾಟಿಸಿದಳು. ಮುಳ್ಳು ತೆಗೆಯಲೂ ಆವತ್ತು ಶಕ್ತಿ ಇರಲಿಲ್ಲ. ಚೌಕಳಿ ಅಂಗಿಯವನು ಹೆಬ್ಬೆರಳು ಎತ್ತಿ ತೋರಿಸಿದ.

ತಿಂಗಳುಗಳು ಕಳೆದವು. ಎರಡೂ ಕಡೆ ನಗು, ಕೈ ಬೀಸುವುದು. "ಬೇರೆ ತಂಡಗಳಲ್ಲಿ ಬರೀ ಜಗಳವಂತೆ ಕಣ್ರಿ," ಅಂದರು ಆಯ್ತಾಯ್ತು ಮೇಷ್ಟ್ರು. "ನಮ್ಮದು ಹಾಲು ಸಕ್ಕರೆ. ಎಲ್ಲಾ ನಿಮ್ಮಿಂದ." ಅವಳು ನಕ್ಕಳು. ಆ ಹೊಗಳಿಕೆ ಯಾಕೋ ಬೆನ್ನಿನ ಮೇಲೆ ಇನ್ನೊಂದು ಮೂಟೆ ಇಟ್ಟ ಹಾಗಾಯಿತು.

ಕಡೆಗೆ ಆ ಕಡೆಯವರು ಇಲ್ಲಿಗೇ ಬರುವ ದಿನ ಬಂತು. ಅವರವರು ಮಾಡಿದ ಭಾಗ ತಂದು, ಕೂಡಿಸಿ, ಇಲ್ಲಿಯ ಬಿಸಿಲಿನಲ್ಲಿಟ್ಟು ನೋಡಬೇಕಿತ್ತು. ಆ ಬೆಳಿಗ್ಗೆ ಅವಳಿಗೆ ಎದ್ದಾಗಲೇ ಮೈ ಕೈ ನೋವು, ಕಣ್ಣು ಉರಿ. ಕೋಣೆಯಲ್ಲಿ ತಮ್ಮನ ಹೆಂಡತಿ ಕೂದಲು ಬಾಚುತ್ತಿದ್ದಳು.

"ಅತ್ತಿಗೆ, ಭಾನುವಾರ ನಾನು ತಂಗಿ ಮನೆಗೆ ಹೋಗ್ತೀನಿ ಅಂತ ಅವರಿಗೆ ಹೇಳಿ."

ತಮ್ಮ ಅಲ್ಲೇ ಶೂ ಕಟ್ಟುತ್ತಿದ್ದ. "ಹೋದೋಳು ಅಲ್ಲೇ ಇದ್ದುಬಿಡು ಅನ್ನು ಅಕ್ಕ."

ಬೇರೆ ದಿನವಾಗಿದ್ದರೆ "ಹುಷಾರಾಗಿ ಹೋಗಿ ಬಾ ಅಂದ" ಅನ್ನುತ್ತಿದ್ದಳು. ಆವತ್ತು ಬಾಯಿ ತೆಗೆದರೆ ದನಿ ಹೊರಡಲಿಲ್ಲ. ಬ್ಯಾಗು ಹೆಗಲಿಗೇರಿಸಿ, ಚಪ್ಪಲಿ ಮೆಟ್ಟಿ, ಇಬ್ಬರ ಮಾತನ್ನೂ ಅಲ್ಲೇ ನೆಲದ ಮೇಲೆ ಬಿಟ್ಟು ಹೊರಟುಬಿಟ್ಟಳು.

ವರ್ಕ್‌ಶಾಪಿನ ಉದ್ದ ಮೇಜಿನ ಮೇಲೆ ಈ ಕಡೆಯವರು ಎರಡು ಮಡಕೆಯ ಜೋಡಿ ಇಟ್ಟಿದ್ದರು, ಒಳ್ಳೆ ಗಟ್ಟಿ ಮಡಕೆ, ಗಟ್ಟಿಯಾಗಬೇಕು ಅಂತ ಅವರು ಹೇಳಿದ್ದರಲ್ಲ. ಚೌಕಳಿ ಅಂಗಿಯವನು ದೊಡ್ಡ ರಟ್ಟಿನ ಡಬ್ಬ ಬಿಚ್ಚಿ ಬಿಳಿ ಪೆಟ್ಟಿಗೆ ಹೊರತೆಗೆದ. ನುಣುಪಾಗಿ, ಚೌಕವಾಗಿ, ಮೂಲೆ ಮೂಲೆ ಅಳೆದು ಮಾಡಿದ್ದು. ಮೇಜಿನ ಮೇಲಿಟ್ಟು ಸುತ್ತ ನೋಡಿದ.

"ಡಬ್ಬಿ ಎಲ್ಲಿ?" ಅಂದ.

"ಮಡಕೆ ನಮ್ಮದು, ಮುಚ್ಚಳ ಅವರದು ಅಂತಲ್ವಾ? ಇವರು ತಂದಿರೋ ಮುಚ್ಚಳ ಎಲ್ಲಿ?" ಅಂತ ಕನ್ನಡಕದ ಹುಡುಗಿ ಇವಳನ್ನು ಕೇಳಿದಳು.

ಯಾರೋ ಆ ಪೆಟ್ಟಿಗೆಯನ್ನು ಎತ್ತಿ ದುಂಡು ಮಡಕೆಯ ಮೇಲೆ ಕವುಚಲು ನೋಡಿದರು. ಮಡಕೆಯ ಹೊಟ್ಟೆ ತಡೆಯಿತು. ಅದನ್ನು ತಿರುಗಿಸಿ ನೋಡಿದರು, ಓರೆ ಮಾಡಿ ನೋಡಿದರು. ಆನೆಗೆ ಕುದುರೆಯ ಲಾಳ ಹೊಡೆದ ಹಾಗೆ. ಒಬ್ಬ ಹುಡುಗ ಕಿಸಕ್ಕನೆ ನಕ್ಕ, ಬೇರೆ ಯಾರೂ ನಗಲಿಲ್ಲ.

"ಡಬ್ಬಿ ಮಾಡ್ತೀವಿ ಅಂತ ಇವರು ಮಾತು ಕೊಟ್ಟಿದ್ರು," ಅಂದ ಚೌಕಳಿ ಅಂಗಿಯವನು. ಅವನ ಕಿವಿ ಕೆಂಪಾಗಿತ್ತು. "ಇವರು ಸುಳ್ಳುಗಾರರು."

ಎಲ್ಲರೂ ಅವಳ ಕಡೆ ತಿರುಗಿದರು. "ಏನಂತಾನೆ?" ಅಂದರು ಮೇಷ್ಟ್ರು.

ಅವಳು ಮೇಜಿನ ಅಂಚು ಹಿಡಿದುಕೊಂಡಳು. ಜ್ವರ ಏರುತ್ತಿತ್ತು. ಈ ಮಾತನ್ನು ಎಲ್ಲಿ ಬಗ್ಗಿಸಬೇಕು, ಎಲ್ಲಿ ಉಜ್ಜಬೇಕು ಅಂತ ಹುಡುಕಲು ತಲೆ ಒಪ್ಪಲಿಲ್ಲ. "ನೀವು ಮಾತು ಕೊಟ್ಟಿದ್ರಿ, ನೀವು ಸುಳ್ಳುಗಾರರು ಅಂತಿದಾನೆ," ಅಂದುಬಿಟ್ಟಳು.

ಲಂಬು ಎದ್ದು ನಿಂತ. "ಯಾರು ಮಾತು ಕೊಟ್ಟಿದ್ದು? ಮುಚ್ಚಿದ ಪೆಟ್ಟಿಗೆ ಬೇಡ ಅಂತ ನಂಗೆ ಮೊದಲಿಂದ್ಲೂ ಇತ್ತು. ನಮ್ಮಪ್ಪ ಐಸ್‌ಕ್ರೀಮ್ ಗಾಡಿ ಓಡಿಸೋರು. ಯಂತ್ರ ಕೆಟ್ಟ ದಿನ ಆ ಮುಚ್ಚಿದ ಪೆಟ್ಟಿಗೆ ಒಳಗೆ ಕೈ ಇಟ್ಟು ನೋಡಿದೀನಿ. ಒಲೆ ಅದು, ಒಲೆ! ಇವರಿಗೆ ಬಿಸಿಲು ಅಂದ್ರೆ ಏನು ಗೊತ್ತು?"

ಅದನ್ನೂ ದಾಟಿಸಿದಳು, ಒಂದು ಅಕ್ಷರ ಬಿಡದೆ. ಆಮೇಲೆ ಆ ಕಡೆಯದು, ಮತ್ತೆ ಈ ಕಡೆಯದು. ಮಡಕೆ ಒಡೆದರೆ? ಯಂತ್ರ ಕೆಟ್ಟರೆ ಯಾರು ಸರಿ ಮಾಡ್ತಾರೆ? ಕಾಯಿಲೆಯವರು ದಿನಾ ಬಗ್ಗಿ ನೀರು ಹಾಕಬೇಕಾ? ಮರಳಿಗೆ ಬೂಸ್ಟು ಬಂದರೆ? ಅಷ್ಟು ತಿಂಗಳು ಅವಳೊಳಗೇ ಉಳಿದುಹೋಗಿದ್ದ ಮಾತೆಲ್ಲ ಒಂದೇ ಮಧ್ಯಾಹ್ನ ಹೊರಬಿತ್ತು. ಒಬ್ಬರು ಮುಗಿಸುವ ಮೊದಲೇ ಇನ್ನೊಬ್ಬರು ಶುರು ಮಾಡುತ್ತಿದ್ದರು. ಅವಳು ನಡುವೆ ಕಲ್ಲಿನ ಹಾಗೆ ನಿಂತು ಹೇಳುತ್ತಲೇ ಇದ್ದಳು.

ಕಡೆಗೆ ಕೆಂಪು ಟೋಪಿ ಕೂಗಿಕೊಂಡಳು. "ಮೊದಲೇ ಹೇಳಿದ್ನಲ್ಲ, ಇದು ಹೂವಿನ ಕುಂಡ ಅಂತ! ನನ್ನ ತಮ್ಮನ ವಿಷಯ ಹೇಳಿದ ಮೇಲೂ ಇವರು ಅದನ್ನೇ ಮಾಡಿಟ್ಟಿದಾರೆ!"

ಅದನ್ನು ದುಭಾಷಿಯ ಬಾಯಲ್ಲಿ ಕೇಳಿದ ಕನ್ನಡಕದ ಹುಡುಗಿ ಬೆಪ್ಪಾಗಿ, "ಯಾವ ತಮ್ಮ?" ಅಂದಳು.

ದುಭಾಷಿ ಅದನ್ನು ದಾಟಿಸಲಿಲ್ಲ. ಕೆಂಪು ಟೋಪಿಯ ಕಡೆ ತಿರುಗಿ, ಆ ಭಾಷೆಯಲ್ಲಿ, ತನ್ನದೇ ಮಾತಾಗಿ ಕೇಳಿದಳು, "ಮಗು, ನಿನ್ನ ತಮ್ಮನಿಗೆ ನಿಜವಾಗಿಯೂ ಈ ಕಾಯಿಲೆ ಇದೆಯಾ?"

"ಒಂಬತ್ತು ವರ್ಷ ಅವನಿಗೆ. ದಿನಾ ಸೂಜಿ. ಒಂದು ಸಲ ಮದ್ದು ಬಿಸಿಲಲ್ಲಿ ಕಾರಲ್ಲೇ ಉಳಿದುಬಿಟ್ಟಿತ್ತು, ಕೆಟ್ಟಿದ್ದು ಗೊತ್ತಾಗದೆ ಹಾಗೇ ಚುಚ್ಚಿದ್ವಿ. ಎರಡು ದಿನ ಆಸ್ಪತ್ರೆ." ಹುಡುಗಿ ಒಂದು ಹೆಜ್ಜೆ ಹತ್ತಿರ ಬಂದಳು. "ನೀವು ಅವರಿಗೆ ಹೇಳಲಿಲ್ವಾ?"

"ಇಲ್ಲ," ಅಂದಳು. ಆಮೇಲೆ ಈ ಕಡೆ ತಿರುಗಿ ಎಲ್ಲವನ್ನೂ ಹೇಳಿದಳು. ಹೂವಿನ ಕುಂಡ ಅಂದಿದ್ದು, ತಾನು ಚೆನ್ನಾಗಿದೆ ಅಂತ ಬದಲಾಯಿಸಿದ್ದು, ನೋಡೋಣ ಅಂದಿದ್ದನ್ನು ಹಾಗೇ ದಾಟಿಸಿ ಒಪ್ಪಿಗೆ ಅಂತ ತಿಳಿಯಲು ಬಿಟ್ಟಿದ್ದು. ಅದನ್ನೇ ಮತ್ತೆ ಆ ಕಡೆಗೂ ಹೇಳಿದಳು. ಮೇಷ್ಟ್ರು ಆಯ್ತಾಯ್ತು ಅನ್ನಲಿಲ್ಲ. "ಏನ್ರೀ ಇದು, ನಿಮ್ಮನ್ನ ನಂಬಿ ಕೂತಿದ್ವಲ್ಲ," ಅಂದರು.

"ನಾಳೆಯಿಂದ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಸರ್. ನನ್ನ ಕೈಲಿ ಆಗಲ್ಲ," ಅಂದು ಅವಳು ಹೊರಗೆ ಬಂದಳು. ಮನೆ ದೂರವೇನಲ್ಲ. ಆದರೂ ನಡುವೆ ಒಂದು ಕಟ್ಟೆಯ ಮೇಲೆ ಕೂತು ಸುಧಾರಿಸಿಕೊಂಡೇ ಹೋಗಬೇಕಾಯಿತು.

ಮನೆಗೆ ಬಂದು ಮಂಚದ ಮೇಲೆ ಬಿದ್ದವಳು ಮರುದಿನವೂ ಏಳಲಿಲ್ಲ. ಅರೆನಿದ್ದೆಯಲ್ಲಿ ತಮ್ಮನ ದನಿ ಕೇಳಿಸಿತು. ಅವನು ಗೋಡೆಗೆ ಹೇಳುವ ಹಾಗೆ, "ಜ್ವರ ಎಷ್ಟಿದೆಯಂತೆ?" ಅಂದ. ಅವನ ಹೆಂಡತಿ ಒಲೆಗೆ ಹೇಳುವ ಹಾಗೆ, "ನೂರಾ ಎರಡು. ಮಾತ್ರೆ ಕೊಟ್ಟಾಯ್ತು," ಅಂದಳು. ಸ್ವಲ್ಪ ಹೊತ್ತು ಬಿಟ್ಟು ಗೋಡೆಗೆ, "ಡಾಕ್ಟರ ಹತ್ರ ಹೋಗ್ಬೇಕಾ?" ಒಲೆಯಿಂದ, "ಸಂಜೆವರೆಗೆ ನೋಡಿ." ಅಷ್ಟೆ. ಅದನ್ನು ರಾಜಿ ಅನ್ನಲಾಗದು. ಆದರೆ ಆ ಮಾತುಗಳು ತನ್ನ ಮೇಲೆ ಹಾಯದೆ ತಾವಾಗಿಯೇ ಓಡಾಡಿದ್ದು ಅವಳಿಗೆ ಹೊದಿಕೆಯಷ್ಟೇ ಬೆಚ್ಚಗೆನಿಸಿತು.

ಜ್ವರ ಇಳಿದ ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ಕನ್ನಡಕದ ಹುಡುಗಿ, ಅವಳ ಹಿಂದೆ ಕೆಂಪು ಟೋಪಿ. ಇಬ್ಬರೂ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರು.

"ಮೇಡಂ, ನೀವು ಬರ್ಲೇಬೇಕು," ಅಂದಳು ಕನ್ನಡಕದವಳು. "ಜಗಳ ಅರ್ಧಕ್ಕೇ ನಿಂತುಬಿಟ್ಟಿದೆ."

"ಫೋನಿನಲ್ಲಿ ಭಾಷೆ ಬದಲಾಯಿಸೋದು ಇರುತ್ತಲ್ಲಮ್ಮ."

"ಅಯ್ಯೋ, ಅದರ ಕಥೆ ಕೇಳ್ಬೇಡಿ. ಮಡಕೆ ಒಡೆಯುತ್ತೆ ಅಂದ್ರೆ ಅದು ಮಡಕೆಯ ಒಡೆಯ ಅಂತ ತಿಳ್ಕೊಂಡು, ಯಜಮಾನರು ಯಾರು ಅಂತ ಇವರು ಹುಡುಕ್ತಿದ್ರು. ಆಮೇಲೆ ಲಂಬು ನಿಮ್ಮ ಪೆಟ್ಟಿಗೆ ಕಾಯುತ್ತೆ ಅಂತ ಹೇಳ್ದ, ಬಿಸಿ ಆಗುತ್ತೆ ಅಂತ. ಫೋನು ಅದನ್ನ ಕಾಪಾಡುತ್ತೆ ಅಂತ ಹೇಳ್ತು. ಇವರೆಲ್ಲ ಖುಷಿಯಾಗಿ ಅವನ ಬೆನ್ನು ತಟ್ಟಿಬಿಟ್ರು!"

ಅವಳಿಗೆ ನಗು ಬಂತು, ನಗುವಿನ ಜೊತೆ ಕೆಮ್ಮೂ ಬಂತು. ಕೆಂಪು ಟೋಪಿ ಮಂಚದ ಅಂಚಿಗೆ ಬಂದು ಕೂತಳು.

"ನಿಮ್ಮ ಮೇಲೆ ನಂಗೆ ಸಿಟ್ಟಿದೆ," ಅಂದಳು ತನ್ನ ಭಾಷೆಯಲ್ಲಿ. "ಇನ್ನೂ ಇದೆ. ಆದರೆ ನೀವು ಬೇಕು."

ಸಿಟ್ಟಿದೆ ಅಂದದ್ದನ್ನು ಯಾರಿಗೂ ದಾಟಿಸಬೇಕಿರಲಿಲ್ಲ. ಅದು ಅವಳಿಗೇ ಹೇಳಿದ ಮಾತು. ಎಷ್ಟೋ ದಿನದ ಮೇಲೆ ಯಾರೋ ಅವಳ ಜೊತೆ ಮಾತಾಡಿದ್ದರು.

"ಬರ್ತೀನಿ," ಅಂದಳು. "ಆದ್ರೆ ಒಬ್ಬರಾದ ಮೇಲೆ ಒಬ್ಬರು ಮಾತಾಡ್ಬೇಕು. ನೀವು ಹೇಳಿದ್ದು ಹಾಗೇ ಹೋಗುತ್ತೆ, ಆಮೇಲೆ ಅಳಬಾರದು. ನಂಗೆ ಕೂರೋಕೆ ಕೈ ಇರೋ ಕುರ್ಚಿ ಒಂದು ಬೇಕು."

ಮುಂದಿನ ದಿನಗಳು ಸುಲಭವಾಗೇನೂ ಇರಲಿಲ್ಲ. ಸರಿಯಾಗಿ ದಾಟಿಸುವುದು ಮುಳ್ಳು ತೆಗೆಯುವುದಕ್ಕಿಂತ ದುಪ್ಪಟ್ಟು ಆಯಾಸದ ಕೆಲಸ. ನೋಡೋಣ ಅಂತ ಯಾರಾದರೂ ಅಂದರೆ ಅವಳು ಅಲ್ಲೇ ತಡೆದು, "ಆಗುತ್ತೋ ಇಲ್ವೋ? ಒಂದು ಹೇಳು," ಅನ್ನುತ್ತಿದ್ದಳು. ಲಂಬುವಿಗೆ ಬೇಡ ಅನ್ನುವ ಮಾತು ಬಾಯಿಂದ ಹೊರಡಿಸಲು ಕತ್ತು ಪೂರ್ತಿ ಉಜ್ಜಿ ಕೆಂಪಾಗಬೇಕಾಗುತ್ತಿತ್ತು. ಚೌಕಳಿ ಅಂಗಿಯವನು ಸುಳ್ಳುಗಾರರು ಅಂದದ್ದಕ್ಕೆ ಕ್ಷಮೆ ಕೇಳಿದ. ಅವರ ಪದ್ಧತಿಯಂತೆ ಒಂದೇ ಸಲ, ನೇರವಾಗಿ, ಆಮೇಲೆ ಆ ಮಾತು ಎತ್ತಲೇ ಇಲ್ಲ. ಇವರಿಗೆ ಅದು ಸಾಲದು ಅನಿಸಿತು. ಅದೂ ಒಂದು ಗಂಟೆಯ ಚರ್ಚೆಯಾಯಿತು.

ಒಂದು ಮಧ್ಯಾಹ್ನ ಊಟವಾದ ಮೇಲೆ ಅವಳು ಆ ಕುರ್ಚಿಯಲ್ಲಿ ಕೂತಿದ್ದ ಹಾಗೇ ನಿದ್ದೆಹೋದಳು. ಕಣ್ಣು ಬಿಟ್ಟಾಗ ಬಿಸಿಲು ಕಿಟಕಿಯಿಂದ ಸರಿದು ಗೋಡೆ ಹತ್ತಿತ್ತು. ಯಾರೋ ಕಾಲ ಕೆಳಗೆ ಒಂದು ಸ್ಟೂಲು ಇಟ್ಟಿದ್ದರು. ಮೇಜಿನ ಸುತ್ತ ಎಲ್ಲರೂ ಬಗ್ಗಿ ನಿಂತಿದ್ದರು, ಪಿಸುಪಿಸು ಕೂಡ ಇಲ್ಲ. ಕನ್ನಡಕದ ಹುಡುಗಿ ಚಿತ್ರ ಬರೆಯುವುದು, ಚೌಕಳಿ ಅಂಗಿಯವನು ಅದರಲ್ಲಿ ಒಂದು ಗೆರೆ ಅಳಿಸುವುದು, ಲಂಬು ತಲೆ ಅಲ್ಲಾಡಿಸುವುದು, ಕೆಂಪು ಟೋಪಿ ಅವನ ತಲೆ ಹಿಡಿದು ಮೇಲೆ ಕೆಳಗೆ ಆಡಿಸುವುದು. ಹೊರಗಡೆ ಮಡಕೆ ಮರಳು ಹಾಗೇ ಇರಲಿ, ಅದಕ್ಕೆ ಗಾಳಿ ಬೇಕು. ಒಳಗೆ ಮಾತ್ರ ಬಿಗಿ ಮುಚ್ಚಳದ ತಗಡಿನ ಡಬ್ಬಿ. ಮಡಕೆ ಉರುಳದ ಹಾಗೆ ಕಬ್ಬಿಣದ ಚೌಕಟ್ಟು. ಮೇಲೆ ತಲೆಕೆಳಗಾದ ಬಾಟಲಿಯಿಂದ ಬತ್ತಿ ಹಿಡಿದು ನೀರು ತಾನಾಗಿ ಇಳಿಯಬೇಕು, ಕಾಯಿಲೆಯವರು ದಿನಾ ಬಗ್ಗುವ ಹಾಗಿರಬಾರದು. ಬಿಸಿ ಏರಿದರೆ ಮುಚ್ಚಳದ ಮೇಲೆ ಒಂದು ಕೆಂಪು ದೀಪ. ಇಷ್ಟೂ ಆ ಕಾಗದದ ಮೇಲಿತ್ತು.

ತನ್ನನ್ನು ಎಬ್ಬಿಸದೇ ಇದೆಲ್ಲ ಆಯಿತಲ್ಲ ಅಂತ ಅವಳಿಗೆ ಮೊದಲು ಚುರ್ ಅಂದಿತು. ಆಮೇಲೆ ಮತ್ತೆ ಕಣ್ಣು ಮುಚ್ಚಿಕೊಂಡಳು. ಎದ್ದಿದ್ದು ಯಾರಿಗೂ ಗೊತ್ತಾಗದಿರಲಿ ಅನಿಸಿತು.

ಪೆಟ್ಟಿಗೆಯನ್ನು ಹತ್ತಿರದ ಆರೋಗ್ಯ ಕೇಂದ್ರದ ನರ್ಸಮ್ಮನ ಕೋಣೆಯಲ್ಲಿಟ್ಟು ನೋಡಿದರು, ಮದ್ದಿನ ಬದಲು ಅದರ ಹಳೆಯ ಖಾಲಿ ಬಾಟಲಿಯಲ್ಲಿ ನೀರು ತುಂಬಿ. ಒಣ ಬಿಸಿಲಿದ್ದ ದಿನಗಳಲ್ಲಿ ಒಳಗೆ ಹಿತವಾಗಿ ತಣ್ಣಗಿತ್ತು. ಆಮೇಲೆ ಮೋಡ ಕವಿದು ಗಾಳಿಯೆಲ್ಲ ಒದ್ದೆಯಾಯಿತು, ಮರಳು ಆರಲಿಲ್ಲ, ಕೆಂಪು ದೀಪ ಹತ್ತಿಕೊಂಡಿತು.

"ಮೋಡದ ದಿನ ಇದನ್ನ ನಂಬಿದ್ರೆ ಅಷ್ಟೇ ಕಥೆ," ಅಂದರು ನರ್ಸಮ್ಮ. "ಬೇಸಗೆಗೆ ಪರವಾಗಿಲ್ಲ."

ಅವಳು ಅದನ್ನು ಎರಡೂ ವಾಕ್ಯ ಸೇರಿಸಿ ದಾಟಿಸಿದಳು. ಹುಡುಗರ ಮುಖ ಬಾಡಿತು. ವರದಿಯಲ್ಲಿ ಮೋಡದ ದಿನದ ಮಾತು ಬಿಟ್ಟುಬಿಡೋಣ ಅಂತ ಈ ಕಡೆಯ ಒಬ್ಬ ಮೆಲ್ಲಗೆ ಅಂದಾಗ ಕನ್ನಡಕದ ಹುಡುಗಿಯೇ, "ಬೇಡ, ಬರೀರಿ," ಅಂದಳು. ಹಾಗೇ ಬರೆದರು. ದೇಶದೇಶದ ತಂಡಗಳು ಸೇರಿದ ದೊಡ್ಡ ಸಭೆಯಲ್ಲಿ ಅವರಿಗೆ ಬಹುಮಾನ ಬರಲಿಲ್ಲ. ಹೊಳೆಯುವ ಏನನ್ನೋ ಮಾಡಿದ ಬೇರೆ ತಂಡಕ್ಕೆ ಹೋಯಿತು. ಮೇಷ್ಟ್ರು ಆವತ್ತು ಸಂಜೆ ಫೋನು ಮಾಡಿ ಅದನ್ನು ತಿಳಿಸಿ, "ಆಯ್ತಾಯ್ತು," ಅಂದರು.

ಚಳಿಯ ದೇಶದವರು ಹೊರಡುವ ದಿನ ಕೆಂಪು ಟೋಪಿ ಅವಳ ಪಕ್ಕ ಕೂತು ಆ ಮುದುಕಿಯ ಬಗ್ಗೆ ಕೇಳಿದಳು. ಅವಳು ಹೇಳಿದಳು. ದಿಂಬು, ಪರದೆ, ಬೈಗುಳ, ಕಡೆಯ ದಿನ ತನ್ನ ಕೈ ಹಿಡಿದುಕೊಂಡು ಈಗ ಬೆಚ್ಚಗಿದೆ ಅಂದದ್ದು. ಹುಡುಗಿ ನಗಲಿಲ್ಲ. ಅವಳ ಹಳೇ ಕಾಲದ ಮಾತನ್ನು ತಿದ್ದಲೂ ಇಲ್ಲ.

ಒಂದು ಪೆಟ್ಟಿಗೆ ನರ್ಸಮ್ಮನ ಹತ್ತಿರವೇ ಉಳಿಯಿತು. ಬೇಸಗೆಯ ತಿಂಗಳುಗಳಲ್ಲಿ ಅದನ್ನು ಫ್ರಿಜ್ ಇಲ್ಲದ ಒಂದು ಮನೆಗೆ ಕೊಟ್ಟು, ಮೋಡ ಬಂದರೆ ವಾಪಸ್ಸು ತರಿಸಿಕೊಳ್ಳುತ್ತಿದ್ದರು. ಇನ್ನೊಂದು ಸಾಗಿಸುವಾಗಲೇ ಸೀಳುಬಿಟ್ಟಿತು. ಕನ್ನಡಕದ ಹುಡುಗಿ, ಚೌಕಳಿ ಅಂಗಿಯವನು ಈಗಲೂ ಒಬ್ಬರಿಗೊಬ್ಬರು ಚಿತ್ರ ಕಳಿಸುತ್ತಾರಂತೆ, ಮಾತಿಲ್ಲದೆ.

ಹೊಸ ವರ್ಷದ ತರಗತಿ ಶುರುವಾಗುವ ಮೊದಲು ಮೇಷ್ಟ್ರು ಅವಳ ಮನೆಗೇ ಬಂದರು. ಈ ಸಲ ಹೊಸ ಹುಡುಗರು, ಚರಂಡಿ ನೀರಿನ ವಿಷಯ. "ನೀವಿಲ್ಲದೆ ಆಗಲ್ಲ," ಅಂದರು.

"ಈ ವರ್ಷ ಬೇಡ ಸರ್. ನಂಗೆ ಸುಸ್ತಾಗಿದೆ," ಅಂದಳು.

ಮೇಷ್ಟ್ರು ಒಂದು ಗಳಿಗೆ ಅವಳ ಮುಖ ನೋಡಿದರು, ಅದರ ಹಿಂದೆ ಬೇರೆ ಅರ್ಥವೇನಾದರೂ ಇದೆಯೋ ಅಂತ ಹುಡುಕುವವರ ಹಾಗೆ. ಇರಲಿಲ್ಲ. ಅವರು ಚಹಾ ಕುಡಿದು ಲೋಟ ಕೆಳಗಿಟ್ಟು ಎದ್ದರು. ಅವಳು ಬಾಗಿಲವರೆಗೆ ಹೋಗಿ ಕಳಿಸಿ ಬಂದು, ಕಿಟಕಿಯ ಒಂದು ಬಾಗಿಲು ಮಾತ್ರ ಓರೆ ಮಾಡಿ, ಮಂಚದ ಮೇಲೆ ಕಾಲು ಚಾಚಿದಳು. ಬೀದಿಯಲ್ಲಿ ಮಕ್ಕಳು ಯಾವುದೋ ಆಟದ ನಿಯಮಕ್ಕೆ ಕಚ್ಚಾಡುತ್ತಿದ್ದವು. ಯಾರದು ಸರಿ ಅಂತ ಕೇಳಿಸಿಕೊಳ್ಳುವಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿತು.